ನೂಲಿನ ಕಾಟಾದ ಮೇಲೆ

ಏಪ್ರಿಲ್ 16, ಬುಧವಾರ

82.6.

ಬೆಳಗಾವಿಯ ಆಸ್ಪತ್ರೆಯಲ್ಲಿ ಚಪ್ಪಲಿ ಬಿಟ್ಟು ನಿಂತಾಗ ಬಂದ ಅಂಕಿ. ಎಪ್ಪತ್ತೈದರ ಕೆಳಗೆ ಇಳಿದು ಬನ್ನಿ, ಆಗಸ್ಟ್ ಇಪ್ಪತ್ತಕ್ಕೆ ಮತ್ತೆ ನೋಡೋಣ ಎಂದರು ಡಾಕ್ಟರು. ರಕ್ತದ ಗುಂಪು ಹೊಂದುತ್ತದೆ, ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಎರಡೂ ಕಿಡ್ನಿ ಗಟ್ಟಿಯಾಗಿವೆ. ಅದರಲ್ಲಿ ಒಂದನ್ನು ತಮ್ಮ ಗೌರೀಶನಿಗೆ ಕೊಡಲು ನನ್ನ ತೂಕವೊಂದೇ ಅಡ್ಡಿ. ನಲವತ್ತಾರು ವರ್ಷ ತಿಂದು ಕೂಡಿಸಿದ್ದನ್ನು ನಾಲ್ಕು ತಿಂಗಳಲ್ಲಿ ಇಳಿಸಬೇಕು.

ಗೌರೀಶನ ಹೆಂಡತಿ ಉಮಾಶ್ರೀ ಮೊದಲು ತಾನೇ ಕೊಡುತ್ತೇನೆಂದು ಹೊರಟಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದೇ ಆ ತಪಾಸಣೆಯಲ್ಲಿ. ಅವ್ವನಿಗೆ ಎಪ್ಪತ್ತೆರಡು. ಉಳಿದವಳು ನಾನು. ಅವ್ವನಿಗೆ ಇನ್ನೂ ಹೇಳಿಲ್ಲ. ಒಂದು ಕೂಸಿನ ಹೊಟ್ಟೆ ಕೊಯ್ದು ಇನ್ನೊಂದು ಕೂಸಿಗೆ ಇಡುವ ಮಾತನ್ನು ಹೆತ್ತವಳ ಮುಂದೆ ಹೇಗೆ ಎತ್ತುವುದು? ಎಲ್ಲ ನಿಶ್ಚಯವಾದ ಮೇಲೆ ನೋಡೋಣ ಎಂದು ನಾನೂ ಗೌರೀಶನೂ ಮಾತಾಡಿಕೊಂಡಿದ್ದೇವೆ.

ಹೊರಡುವ ಮೊದಲು ಅಲ್ಲಿಯ ಆಪ್ತಸಲಹೆಗಾರರು ನನ್ನೊಬ್ಬಳನ್ನೇ ಒಳಗೆ ಕೂರಿಸಿಕೊಂಡರು. "ನಿಮಗೆ ಮನಸ್ಸಿಲ್ಲದಿದ್ದರೆ ನಮಗೆ ಹೇಳಿ, ಸಾಕು. ಹೊಂದಿಕೆ ಆಗಲಿಲ್ಲ ಅಂತ ಮನೆಯವರಿಗೆ ನಾವೇ ತಿಳಿಸುತ್ತೇವೆ. ಕಾರಣ ಯಾರಿಗೂ ಗೊತ್ತಾಗೋದಿಲ್ಲ" ಎಂದರು.

ಮನಸ್ಸಿದೆ ಎಂದೆ. ಅವರ ಮಾತು ಮುಗಿಯುವ ಮೊದಲೇ ಎಂದೆ. ವರ್ಗದಲ್ಲಿ ಹಾಗೆ ಥಟ್ಟನೆ ಕೈಯೆತ್ತುವ ಮಕ್ಕಳ ಉತ್ತರವನ್ನು ನಾನು ಯಾವತ್ತೂ ನಂಬಿದವಳಲ್ಲ.

ಏಪ್ರಿಲ್ 21, ಸೋಮವಾರ

ಜಮಖಂಡಿಯ ನಮ್ಮ ಮನೆಯಿಂದ ಎರಡು ಓಣಿ ಆಚೆ, ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಜಿಮ್ ಇದೆ. ಬೆಳಿಗ್ಗೆ ಆರರಿಂದ ಏಳು ಹೆಂಗಸರದು. ಐದು ವರ್ಷದಿಂದ ಅದರ ಬೋರ್ಡಿನ ಕೆಳಗೇ ಸಾಲೆಗೆ ಹೋಗಿ ಬರುತ್ತಿದ್ದೇನೆ. ಇವತ್ತು ಮೊದಲ ಸಲ ಮೆಟ್ಟಿಲು ಹತ್ತಿದೆ.

ಕಲಿಸುವವಳು ರೇಷ್ಮಾ. ಚಿಮ್ಮಡದ ಹುಡುಗಿ, ಇಪ್ಪತ್ತಾರು ಇರಬಹುದು. ದಿನಾ ಮೊದಲ ಬಸ್ಸಿಗೆ ಬರುತ್ತಾಳೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಯಾರದರ ಮದುವಿ ಐತೇನ್ರಿ ಟೀಚರ?" ಎಂದಳು.

"ಆಗಸ್ಟಿನ್ಯಾಗ ಒಂದು ಕಾರ್ಯಕ್ರಮ ಐತಿ."

"ಎಷ್ಟ ಇಳಸಬೇಕ್ರಿ?"

"ಎಂಟು ಕಿಲೋ."

"ಅಷ್ಟs? ನಮ್ಮಪ್ಪ ಹೊಳೆಪ್ಪ ನೂರಾ ಹತ್ತ ಕಿಲೋದ ಸಂಗ್ರಾಣಿ ಕಲ್ಲ ಹೆಗಲಿಗೆ ಏರಿಸಿದಾಂವ್ರಿ. ಎಂಟ ಕಿಲೋ ಇಳಸೂದು ನಮ್ಮ ಮನಿತನಕ್ಕ ಒಂದ ಕೆಲಸೇನ್ರಿ?"

ಹತ್ತು ಬೈಠಕ್ ಹೊಡೆಯಲು ಹೇಳಿದಳು. ಆರನೆಯದಕ್ಕೆ ತೊಡೆ ನಡುಗಿತು. ಎಂಟನೆಯದಕ್ಕೆ ಕೂತವಳು ಏಳಲಿಲ್ಲ. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಮುಖ ತಿರುಗಿಸಿ ನಕ್ಕರು. ಒಬ್ಬರ ಮಗಳಿಗೆ ನಾನು ಏಳನೆಯ ವರ್ಗದಲ್ಲಿ ಇಂಗ್ಲಿಷ್ ಕಲಿಸಿದ್ದೇನೆ.

ಇಳಿಯುವಾಗ ಮೆಟ್ಟಿಲಿನ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದೆ.

ಏಪ್ರಿಲ್ 22, ಮಂಗಳವಾರ

ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಬೇರೆ ಬರೆಯಲು ಏನೂ ಇಲ್ಲ.

ಮೇ 5, ಸೋಮವಾರ

81.4.

ಸೋಮವಾರ ಮತ್ತು ಗುರುವಾರ ಗೌರೀಶ ಡಯಾಲಿಸಿಸ್ಸಿಗೆ ಬನಹಟ್ಟಿಯಿಂದ ಜಮಖಂಡಿಗೆ ಬರುತ್ತಾನೆ. ಅವನನ್ನೂ ಅಲ್ಲಿ ಮೊದಲು ತೂಕ ಮಾಡುತ್ತಾರೆ. ಎರಡು ಡಯಾಲಿಸಿಸ್ಸಿನ ನಡುವೆ ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ, ಅಷ್ಟನ್ನು ತೆಗೆಯುತ್ತಾರೆ. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ಕುಡಿಯುವಂತಿಲ್ಲ. ಈ ಬಿಸಿಲಲ್ಲಿ.

ಹಾಸಿಗೆಯಿಂದಲೇ ಫೋನು ಮಾಡಿದ. "ಅಕ್ಕಾ, ನಿಂದೆಷ್ಟ ಬಂತು?"

"ಎಂಬತ್ತೊಂದು ನಾಕು. ನಿಂದು?"

"ಮೂರ ಕಿಲೋ ನೀರ. ನರ್ಸ್ ಬೈದ್ಲು. ಕಲ್ಲಂಗಡಿ ತಿಂದಿದ್ದೆ."

"ತಿನ್ನಬ್ಯಾಡ ಅಂದಿದ್ರಲ್ಲೋ ಗೌರ್ಯಾ."

"ನಿನಗೂ ಹೋಳಗಿ ತಿನ್ನಬ್ಯಾಡ ಅಂದಾರ."

ಸಾಲೆಯಲ್ಲಿ ಅಂಕಪಟ್ಟಿ ಬಂದ ದಿನ ಇಬ್ಬರೂ ಹೀಗೆಯೇ ಒಬ್ಬರದನ್ನೊಬ್ಬರು ಕಸಿದು ನೋಡುತ್ತಿದ್ದೆವು.

ಮುಗಿಸಿಕೊಂಡು ಮನೆಗೆ ಬಂದ. ಅವನ ಎಡ ಮುಂಗೈ ಮೇಲೆ ಸೂಜಿ ಚುಚ್ಚಲೆಂದು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ, ಹಗ್ಗದಂತೆ ಉಬ್ಬಿದೆ. ಮುಟ್ಟಿ ನೋಡು ಎಂದ. ಬೆರಳಿಟ್ಟೆ. ಒಳಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

"ಮಗ್ಗ ನಡದಂಗ ಐತಿ ನೋಡು" ಎಂದ. "ಇದು ನಿಂತ್ರ ಓಡಿ ಬಾ ಅಂದಾರ ಡಾಕ್ಟರ. ಮುಂಜಾನೆದ್ದ ಕೂಡ್ಲೆ ಮೊದಲ ಇದನ್ನ ಮುಟ್ಟಿ ನೋಡ್ಕೋತೀನಿ."

ಕೈ ತೆಗೆದ ಮೇಲೂ ಬೆರಳ ತುದಿಯಲ್ಲಿ ಅದು ಬಹಳ ಹೊತ್ತು ಇತ್ತು. ಹೋಗಿ ಕೈ ತೊಳೆದುಕೊಂಡೆ. ಯಾಕೆ ತೊಳೆದುಕೊಂಡೆ?

ಮೇ 19, ಸೋಮವಾರ

80.9. ಇಳಿಯುತ್ತಿಲ್ಲ.

ಕಾರಣ ನನಗೆ ಗೊತ್ತು. ಗೌರೀಶ ಬರುವಾಗಲೆಲ್ಲ ಅವ್ವ ಡಬ್ಬಿ ಕಳಿಸುತ್ತಾಳೆ. ಹೋದ ವಾರ ಸೀಕರಣಿ, ಹೋಳಿಗೆ. ಇವತ್ತು ಬೆಲ್ಲದ ಮಾದಲಿ, ಅದರ ಜೊತೆ ಸಣ್ಣ ಕುಪ್ಪಿಯಲ್ಲಿ ತುಪ್ಪ. ಡಬ್ಬಿ ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದೆ. ಡಬ್ಬಿ ಹೊತ್ತು ತರುವವನು ಅದರಲ್ಲಿ ಒಂದು ಚಮಚವನ್ನೂ ತಿನ್ನುವ ಹಾಗಿಲ್ಲ.

"ಅವ್ವಗ ಹೇಳೋ, ಕಳಸಬ್ಯಾಡ ಅಂತ."

"ಹೇಳಿದ್ನಲ್ಲ. ಮಗಳು ಸೊರಗಾಕತ್ತಾಳ ಅಂತ ಇನ್ನಷ್ಟ ತುಂಬಿದ್ಲು."

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ಮೊದಲ ನಾಲ್ಕು ತುತ್ತು ರುಚಿಗೆ. ಆಮೇಲಿನದು ಯಾವುದಕ್ಕೆ ಎಂದು ಕೇಳಿಕೊಳ್ಳಬೇಕು. ಎಪ್ಪತ್ತೈದು ಆಗದಿದ್ದರೆ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಪ್ರಯತ್ನ ಮಾಡಿದಳು, ಮೈ ಕೇಳಲಿಲ್ಲ, ಎನ್ನುತ್ತಾರೆ. ಸಲಹೆಗಾರರ ಬಾಗಿಲಿಗಿಂತ ಈ ಬಾಗಿಲು ಒಳ್ಳೆಯದು. ಅಲ್ಲಿ ಬಾಯಿಬಿಟ್ಟು ಹೇಳಬೇಕು. ಇಲ್ಲಿ ತಿಂದರೆ ಸಾಕು.

ಬರೆದದ್ದನ್ನು ಓದಿದೆ. ಹೊಡೆದು ಹಾಕುವುದಿಲ್ಲ.

ಜೂನ್ 2, ಸೋಮವಾರ

79.8. ಸಾಲೆ ಶುರುವಾಗಿದೆ. ಎರಡನೆಯ ಮಹಡಿಯ ವರ್ಗಕ್ಕೆ ನಡುವೆ ನಿಲ್ಲದೆ ಹತ್ತಿದೆ ಎಂದು ಆಮೇಲೆ ಹೊಳೆಯಿತು.

ಜೂನ್ ಬಂದರೆ ಬನಹಟ್ಟಿಯ ಬಸ್ ಸ್ಟ್ಯಾಂಡು ನೆನಪಾಗುತ್ತದೆ. ಅಪ್ಪ ನನ್ನನ್ನು ಬೆಳಗಾವಿಯ ಇಂಗ್ಲಿಷ್ ಸಾಲೆಗೆ ಹಾಕಿದ್ದರು, ಹಾಸ್ಟೆಲ್ಲಿಗೆ. ಗೌರೀಶ ಇಲ್ಲೇ ಕನ್ನಡ ಸಾಲೆ. ಮನೆಯಲ್ಲಿ ಒಬ್ಬರಾದರೂ ಇರಲಿ ಎಂದಿದ್ದರು. ಇದ್ದವನು ಇದ್ದೇ ಬಿಟ್ಟ. ಅವನ ಹದಿನೆಂಟಕ್ಕೆ ಅಪ್ಪ ತೀರಿಕೊಂಡ ಮೇಲೆ ಅವರ ನೂಲಿನ ಅಂಗಡಿಯ ಗಾದಿಯ ಮೇಲೆ ಕೂತ.

ರಜೆ ಮುಗಿದು ನಾನು ಹೊರಡುವ ದಿನ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಗೌರೀಶ ಅದರ ಜೊತೆ ಓಡುತ್ತಿದ್ದ. ಓಡುತ್ತ ಕಿಟಕಿಯೊಳಗೆ ತನ್ನ ಟವೆಲ್ ಒಗೆದು ನನಗೆ ಸೀಟು ಹಿಡಿಯುತ್ತಿದ್ದ. ಆಮೇಲೆ ಟ್ರಂಕು ಏರಿಸುತ್ತಿದ್ದ. ನಾನು ಬಿಳಿ ಕಾಲುಚೀಲ, ಕರಿ ಬೂಟು ಹಾಕಿಕೊಂಡು ದೂರ ನಿಂತಿರುತ್ತಿದ್ದೆ, ಅವನು ನನ್ನ ಕಡೆಯವನಲ್ಲ ಎಂಬಂತೆ. ಹಾಸ್ಟೆಲ್ಲಿನ ಹುಡುಗಿಯರು ಯಾರಾದರೂ ಆ ಬಸ್ಸಿನಲ್ಲಿ ಇದ್ದುಬಿಟ್ಟರೆ ಎಂದು ಹೆದರಿಕೆ.

ಅವನಿಗೆ ಗೊತ್ತಿತ್ತೋ ಏನೋ. ಟವೆಲ್ ತಿರುಗಿ ತೆಗೆದುಕೊಂಡು ಇಳಿದು ಹೋಗುತ್ತಿದ್ದ.

ಜೂನ್ 19, ಗುರುವಾರ

ಆಸ್ಪತ್ರೆಯ ಕಾಗದದಲ್ಲಿ ಗಂಡನ ಸಹಿಯೂ ಬೇಕು. ಸಂಜಯರ ಮುಂದೆ ಇಟ್ಟೆ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದರು. ಕಾಗದದ ಕಡೆ ನೋಡಿ, "ನಿನ್ನ ಇಷ್ಟ" ಎಂದರು.

"ನಿಮ್ಮ ಇಷ್ಟ ಏನ್ರಿ?"

"ನಂದೇನೈತಿ ಅದರಾಗ? ಅಂವ ನಿನ್ನ ತಮ್ಮ, ಮೈ ನಿಂದು."

ಸಹಿ ಮಾಡಲಿಲ್ಲ. ಮಾಡುವುದಿಲ್ಲ ಎಂದೂ ಹೇಳಲಿಲ್ಲ. ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅಥವಾ ಬೇಡ ಎನ್ನಲಿ ಎಂದು ನಾನು ಕಾಯುತ್ತಿದ್ದೆನೇ?

ಜುಲೈ 7, ಸೋಮವಾರ

77.2.

ಈಗ ದಿನಾ ಬೆಳಿಗ್ಗೆ ಜಿಮ್ಮಿಗೆ ಮೊದಲು ರಾಮತೀರ್ಥ ಗುಡ್ಡದ ಏರು ಹತ್ತಿ ಇಳಿಯುತ್ತೇನೆ. ಮೊದಲು ಮೂರು ಕಡೆ ನಿಲ್ಲುತ್ತಿದ್ದೆ. ಈಗ ಒಂದು ಕಡೆ, ಅದೂ ಬೂಟಿನ ಲೇಸು ಕಟ್ಟಲು.

ಗೌರೀಶನ ಫೋನು ಬಂತು. "ಎಷ್ಟ ಅಕ್ಕಾ?"

"ಎಪ್ಪತ್ತೆಂಟು ಐದು" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಯಿಂದ ಬಂತು. "ಛಲೋ ಆತು, ಇಳಿಯಾಕತ್ತೈತಲ್ಲ" ಎಂದ ಅವನು. ಇಳಿದದ್ದರಲ್ಲಿ ಒಂದು ಕಿಲೋ ಮುನ್ನೂರು ಗ್ರಾಂ ಬಚ್ಚಿಟ್ಟುಕೊಂಡವಳಿಗೆ ಅವನು ಶಾಬಾಸ್ ಹೇಳಿದ.

ತೂಕ ಇಳಿಯದಿದ್ದಾಗ ಚಡಪಡಿಕೆ ಇತ್ತು. ಇಳಿಯತೊಡಗಿದ ಮೇಲೆ ಅದಕ್ಕಿಂತ ಹೆಚ್ಚಾಗಿದೆ. ಎಂಬತ್ತರಲ್ಲಿದ್ದಾಗ ಆಗಸ್ಟ್ ದೂರವಿತ್ತು. ಈಗ ಬೈಠಕ್ ಹೊಡೆಯುವಾಗಲೆಲ್ಲ ಎಡ ಪಕ್ಕೆಯ ಮೇಲೆ ಕೈ ಹೋಗುತ್ತದೆ. ಅಲ್ಲಿಂದಲೇ ತೆಗೆಯುವುದಂತೆ.

ಜುಲೈ 14, ಸೋಮವಾರ

76.6. ಹೇಳಿದ್ದು 78.2.

ಜುಲೈ 21, ಸೋಮವಾರ

76.0. ಹೇಳಿದ್ದು 78.

ರೇಷ್ಮಾ ಜಿಮ್ಮಿನ ಬಾಗಿಲ ಹಿಂದೆ ಒಂದು ದುಂಡು ಕಲ್ಲು ಇಟ್ಟಿದ್ದಾಳೆ. ಅವಳಪ್ಪ ಕಲಿಯುವಾಗಿನದು, ಮೂವತ್ತು ಕಿಲೋ. ಇವತ್ತು ಅದನ್ನು ನನ್ನ ಮುಂದೆ ಉರುಳಿಸಿದಳು. ಸಿಟ್ಟಿನಿಂದ ಬಗ್ಗಿ ಕಿತ್ತೆ. ಕದಲಲಿಲ್ಲ.

"ಕಲ್ಲಿನ ಕೂಡ ಜಗಳಾ ತಗೀಬ್ಯಾಡ್ರಿ ಟೀಚರ. ಅದು ಗೆಲ್ತೈತಿ. ಮೊದಲ ಕುಕ್ಕರಗಾಲಿಲೆ ಕುಂದರ್ರಿ, ತೆಕ್ಕಿ ಬಡೀರಿ. ನಮ್ಮದು ಅಂತ ಎದೀಗಿ ಹಚಗೋರಿ. ಆಮ್ಯಾಲ ಏಳ್ರಿ."

ತಬ್ಬಿಕೊಂಡೆ. ತಣ್ಣಗಿತ್ತು. ಮೊಣಕಾಲಿನವರೆಗೆ ಬಂತು, ಅಲ್ಲಿಂದ ಬಿಟ್ಟುಬಿಟ್ಟೆ.

"ಬರ್ತಿತ್ತು ಅದು" ಎಂದಳು. "ನೀವs ಬಿಟ್ರಿ."

ಜುಲೈ 28, ಸೋಮವಾರ

75.6. ಹೇಳಿದ್ದು 77.9.

ನಾಳೆ ಪಂಚಮಿ. ಡಯಾಲಿಸಿಸ್ ಮುಗಿಸಿಕೊಂಡು ಗೌರೀಶ ನನ್ನನ್ನು ತವರಿಗೆ ಕರೆಯಲು ಬಂದ. ಮುಖ ಬೂದಿ ಬಳಿದಂತಿತ್ತು. ನಾನೇ ಬರುತ್ತಿದ್ದೆನಲ್ಲ ಎಂದರೆ, "ಪಂಚಮಿಗೆ ಅಕ್ಕ ತಾನs ಬಂದ್ಲು ಅಂದ್ರ ಓಣ್ಯಾಗ ನನ್ನ ಮಾರಿ ಏನ ಉಳೀತೈತಿ?" ಎಂದ. ಬನಹಟ್ಟಿಯವರೆಗೂ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ಮಲಗಿದ್ದ.

ಅವನ ತಲೆ ಎಷ್ಟು ಹಗುರ.

ಜುಲೈ 29, ಮಂಗಳವಾರ

ಬೆಳಿಗ್ಗೆ ಹಾಲೆರೆಯಲು ಹೋದೆವು. ಕಲ್ಲಿನ ನಾಗಪ್ಪನ ಮುಂದೆ ಅವ್ವ ಒಂದೊಂದು ಚಮಚ ಹಾಲಿಗೆ ಒಂದೊಂದು ಹೆಸರು ಹೇಳಿದಳು. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ಸೊಸೆಯ ಪಾಲು, ಅಳಿಯನ ಪಾಲು. ನನ್ನದೂ ಗೌರೀಶನದೂ ಉಳಿದಾಗ ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಬಟ್ಟಲಲ್ಲಿ ಇದ್ದದ್ದನ್ನು ಒಮ್ಮೆಲೆ ಸುರುವಿ, "ನನ್ನ ಮಕ್ಕಳ ಪಾಲು" ಎಂದಳು.

ಮನೆಗೆ ಬಂದರೆ ಐದು ನಮೂನೆ ಉಂಡಿ. ಶೇಂಗಾ, ಎಳ್ಳು, ರವೆ, ಬೇಸನ್, ತಂಬಿಟ್ಟು. ನನ್ನ ತಟ್ಟೆಯಲ್ಲಿ ಎರಡೆರಡು.

ನೂಲಿನ ಗಂಟು ತೂಗುವ ಹಳೆಯ ಕಾಟಾ ಇನ್ನೂ ಅಂಗಡಿಯಲ್ಲೇ ಇದೆ. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಅಡ್ಡ ಸರಳು, ಸರಳಿನ ಮೇಲೆ ಸರಿಯುವ ಗುಂಡು. ಚಿಕ್ಕವರಿದ್ದಾಗ ಪಂಚಮಿ ದಿನ ಅಪ್ಪ ನಮ್ಮಿಬ್ಬರನ್ನೂ ಅದರ ಮೇಲೆ ನಿಲ್ಲಿಸಿ, ಉಂಡಿ ತಿನ್ನುವ ಮೊದಲೊಮ್ಮೆ, ತಿಂದ ಮೇಲೊಮ್ಮೆ ತೂಗುತ್ತಿದ್ದರು. ಯಾರ ಹೊಟ್ಟೆಗೆ ಹೆಚ್ಚು ಹೋಗಿದೆ ಎಂದು ಗೋಡೆಯ ಮೇಲೆ ಬರೆಯುತ್ತಿದ್ದರು.

ಆ ಕತೆ ಕೇಳಿ ಗೊತ್ತಿದ್ದ ಉಮಾಶ್ರೀ ನಮ್ಮನ್ನು ಎಬ್ಬಿಸಿದಳು. "ಏಳ್ರಿ ಇಬ್ರೂ. ಮಾವನೋರ ಪದ್ಧತಿ ಯಾಕ ಬಿಡೂದು?" ಅವ್ವ ಹೊಸ್ತಿಲ ಮೇಲೆ ಬಂದು ಕೂತಳು.

ಮೊದಲು ಗೌರೀಶ ನಿಂತ. ನಾನು ಗುಂಡು ಸರಿಸಿದೆ. ಅರವತ್ತರ ಮುಂದೆ ಒಂಬತ್ತು ಗೀರು. ಒಂದು ಕಾಲಕ್ಕೆ ಐವತ್ತು ಕಿಲೋದ ಗಂಟನ್ನು ಒಂದೇ ಕೈಯಲ್ಲಿ ಎಳೆಯುತ್ತಿದ್ದವನು.

ನನ್ನ ಸರದಿ. ತಪ್ಪಿಸಿಕೊಳ್ಳಲು ಏನೂ ಹೊಳೆಯಲಿಲ್ಲ. ಹಲಗೆಯ ಮೇಲೆ ನಿಂತೆ. ಗೌರೀಶ ಗುಂಡನ್ನು ಮೊದಲು ಎಪ್ಪತ್ತೆಂಟಕ್ಕೇ ತಂದ, ನಿನ್ನೆ ನಾನು ಹೇಳಿದ ಲೆಕ್ಕಕ್ಕೆ. ಸರಳು ಧಪ್ಪನೆ ಕೆಳಗೆ ಬಿತ್ತು. ಒಂದು ಗೀರು ಹಿಂದೆ ತಂದ. ಇನ್ನೊಂದು. ಮತ್ತೊಂದು. ಅವನ ಬೆರಳು ನಿಧಾನವಾಯಿತು. ನೂಲು ತೂಗುವ ಕೈ, ಅದು ಅವಸರ ಮಾಡುವುದಿಲ್ಲ. ಎಪ್ಪತ್ತೈದರ ಮುಂದೆ ಎಂಟು ಗೀರಿಗೆ ಸರಳು ಎದ್ದು ಗಾಳಿಯಲ್ಲಿ ನಿಂತಿತು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಸರಳನ್ನು ನೋಡುತ್ತಿದ್ದೆ.

"ಎಷ್ಟೋ?" ಎಂದಳು ಅವ್ವ.

"ಎಪ್ಪತ್ತೆಂಟಬೇ" ಎಂದು ಕೂಗಿ ಹೇಳಿದ ಗೌರೀಶ. "ಉಂಡಿ ಸೇರಿ ಬರೋಬ್ಬರಿ ಎಪ್ಪತ್ತೆಂಟು." ಹೇಳುತ್ತಲೇ ಗುಂಡನ್ನು ಸೊನ್ನೆಗೆ ಸರಿಸಿಬಿಟ್ಟ.

ನನಗೆ ಅವನ ಮುಖ ನೋಡಲಾಗದೆ ಅವ್ವನ ಕಡೆ ತಿರುಗಿದೆ. ಅವಳ ಮುಖದಲ್ಲಿ ಕಂಡದ್ದು ನಾನು ಎಣಿಸದೆ ಇದ್ದದ್ದು. ಬಿಗಿ ಹಿಡಿದ ಉಸಿರು ಬಿಟ್ಟವಳಂತೆ ಬಾಗಿಲಿಗೆ ಒರಗಿದಳು. "ಇರ್ಲಿ ಬಿಡು. ಅಷ್ಟ ಇರ್ಲಿ" ಎಂದಳು.

ಜುಲೈ 30, ಬುಧವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅವ್ವ ನನಗೆ ಕಳಿಸುವ ಡಬ್ಬಿಗೆ ಮತ್ತೆ ಉಂಡಿ ಕಟ್ಟುತ್ತಿದ್ದಳು. ಎದುರಿಗೆ ಕೂತೆ.

"ಅವ್ವಾ, ನಿನಗ ಗೊತ್ತೈತಿ ಹೌದಲ್ಲ?"

ಕೈ ನಿಲ್ಲಲಿಲ್ಲ. "ಬ್ಯಾಸಗ್ಯಾಗs ಗೊತ್ತಾತು. ಉಮಾಶ್ರೀ ಅಳಾಕತ್ತಿದ್ಲು, ಕೇಳಿದೆ, ಹೇಳಿದ್ಲು. ಎಪ್ಪತ್ತೈದ ಅಂದಾರಂತಲ್ಲ."

"ಅದಕ್ಕ ಡಬ್ಬಿ ಕಳಸತಿದ್ದೇನು?"

ಒಂದು ಉಂಡಿ ಮುಗಿಸಿ, ತಟ್ಟೆಯಲ್ಲಿಟ್ಟು, ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡಳು. "ಏನ ಮಾಡ್ಲಿ ಶೈಲೂ? ಕೊಡಬ್ಯಾಡ ಅಂತ ನಿನಗ ಅಂದ್ರ ಅಂವನ್ನ ನಾನs ಕೊಂದಂಗ. ಕೊಡು ಅಂದ್ರ ನಿನ್ನ ಹೊಟ್ಟಿ ನಾನs ಕೊಯ್ದಂಗ. ಎರಡಕ್ಕೂ ನನಗ ಬಾಯಿ ಇಲ್ಲ. ಕೈ ಐತಿ. ಅದಕ್ಕ ಉಂಡಿ ಕಟ್ಟೂದೊಂದ ಗೊತ್ತು."

"ಗೌರ್ಯಾನ ಕೈಲೇ ಕಳಸತಿದ್ದೆಲ್ಲ ಅವ್ವಾ."

ಆಗ ಕೈ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೂಂ. ಅಂವನ ಕೈಲೇ" ಎಂದಳು.

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಿಂದವಳು ನಾನು. ಅವ್ವ ಡಬ್ಬಿಯಿಂದ ಮಾಡಿದ್ದನ್ನು ನಾನು ನಾಲಿಗೆಯಿಂದ ಮಾಡಿದೆ. ಇಬ್ಬರಿಗೂ ಒಂದೇ ಹೆದರಿಕೆ. ಅವಳಾದರೆ ನನಗಾಗಿ ಹೆದರಿದಳು.

ಅಂಗಡಿಗೆ ಹೋದೆ. ಗೌರೀಶ ನೂಲಿನ ಗಂಟುಗಳ ಧೂಳು ಹೊಡೆಯುತ್ತಿದ್ದ.

"ನಿನ್ನೆ ಯಾಕ ಹಂಗ ಓದಿದಿ?"

"ನೀ ಫೋನಿನ್ಯಾಗ ಹೇಳಿದ್ದನ್ನs ಓದಿದೆ."

"ಗೌರ್ಯಾ..."

"ನೋಡಕ್ಕಾ, ಹೆದರಿಕಿ ನನಗೂ ಐತಿ, ನಿನಗೂ ಇರ್ತೈತಿ. ಇಪ್ಪತ್ತನೇ ತಾರೀಖಿಗೆ ನೀ ಎಷ್ಟ ಅಂತಿ ಅಷ್ಟs. ನಾ ಯಾರ ಮುಂದೂ ಬ್ಯಾರೆ ಹೇಳಾಂವಲ್ಲ. ವಾರಕ್ಕ ಎರಡ ಸಲ ಜಮಖಂಡಿಗೆ ಬರೂದು ರೂಢಿ ಆಗೈತಿ. ನಿನ್ನ ಮನ್ಯಾಗ ಸಕ್ರಿ ಇಲ್ಲದ ಚಾ ಕುಡಿಯೂದು ಒಂದs ತ್ರಾಸು."

ನಾನು ಹೋಗಿ ಕಾಟಾದ ಮೇಲೆ ನಿಂತೆ. "ಈಗ ತೂಗು" ಎಂದೆ.

ಅವನು ಗುಂಡು ಮುಟ್ಟಲಿಲ್ಲ. "ಇಳಿ ಅಕ್ಕಾ" ಎಂದ. "ಇದು ನೂಲು ತೂಗೂದು."

ಅವ್ವನ ಡಬ್ಬಿಯನ್ನು ಮನೆಗೆ ತಂದಿದ್ದೇನೆ. ಬೇಡ ಎಂದು ಅಲ್ಲಿ ಹೇಳಲಾಗಲಿಲ್ಲ. ನಾಳೆ ಜಿಮ್ಮಿನವರಿಗೆ ಹಂಚುತ್ತೇನೆ.

ಜುಲೈ 31, ಗುರುವಾರ

ಹಂಚಿದೆ. ರೇಷ್ಮಾ ನಾಲ್ಕು ತಿಂದಳು. "ಟೀಚರ, ಇಂಥಾ ಉಂಡಿ ಮನ್ಯಾಗ ಇಟಗೊಂಡು ತೂಕ ಇಳಸಾಕ ಬಂದೀರಲ್ಲ, ನಿಮ್ಮ ಎದಿ ಗಟ್ಟಿ ಐತಿ ಬಿಡ್ರಿ" ಎಂದಳು.

ಆಗಸ್ಟಿನ ಕಾರ್ಯಕ್ರಮ ಯಾವುದೆಂದು ಅವಳಿಗೆ ಹೇಳಿದೆ. ಬಾಯಲ್ಲಿದ್ದದ್ದನ್ನು ನುಂಗಿ, ಕಲ್ಲನ್ನು ನನ್ನ ಮುಂದೆ ಉರುಳಿಸಿದಳು.

ಆಗಸ್ಟ್ 4, ಸೋಮವಾರ

ಗೌರೀಶನ ಫೋನು ಬಂದಾಗ ನಾನೇ ಮೊದಲು ಹೇಳಿದೆ, 75.3 ಎಂದು. ಅವನು ಹೂಂ ಎಂದ. ಸೆಕೆ, ಮಳೆ, ನರ್ಸಿನ ಬೈಗುಳ ಎಲ್ಲ ಮಾತಾಡಿದ. ಕಾಟಾದ ಮಾತು ತೆಗೆಯಲಿಲ್ಲ.

ಸಂಜೆ ಕ್ಯಾಲೆಂಡರಿನ ಹಾಳೆ ತಿರುವುವಾಗ ಹಿಂದಿನ ಕಾಗದ ಕೆಳಗೆ ಬಿತ್ತು. ಸಹಿ ಆಗಿತ್ತು. ತಾರೀಖು ಜೂನ್ 20.

"ಒಂದೂವರಿ ತಿಂಗಳಾತು. ಹೇಳಬಾರದೇನ್ರಿ?"

ಸಂಜಯ ಟಿವಿಯ ದನಿ ಕಡಿಮೆ ಮಾಡಿದರು. "ಹೇಳಾಕ ಹೋದ್ರ ಇನ್ನೊಂದೂ ಬಾಯಿಗೆ ಬರತಿತ್ತು. ಹೆದರೇನಿ ಅಂತ. ಅದನ್ನ ಕೇಳಿದ್ರ ನೀ ನಿಂತ ಬಿಡತಿದ್ದಿ."

"ನಿಲ್ಲಲಿ ಅಂತಿತ್ತೇನು ಮನಸಿನ್ಯಾಗ?"

"ದಿನಾ ಅನಸ್ತಿತ್ತು" ಎಂದರು. "ದಿನಾ ಐದಕ್ಕ ನೀ ಬೂಟ ಹಾಕ್ಕೊಳ್ಳೂದ ನೋಡತಿದ್ದೆ. ಆಮ್ಯಾಲ ಹೆಂಗ ಅನ್ನೂದು?"

ನಾನು ಏಳುವಾಗ ಅವರು ಮಲಗಿರುತ್ತಾರೆ ಎಂದುಕೊಂಡಿದ್ದೆ.

ಆಗಸ್ಟ್ 13, ಬುಧವಾರ

ಸಾಲೆಯಲ್ಲಿ ಸ್ವಾತಂತ್ರ್ಯ ದಿನದ ತಯಾರಿ. ಏಳನೆಯವರ ಭಾಷಣ ಇನ್ನೂ ಬಾಯಿಪಾಠವಾಗಿಲ್ಲ. ಕಲ್ಲು ಎದೆಯವರೆಗೆ ಬಂತು. ಮಧ್ಯಾಹ್ನ ಮಳೆ ಬಂದು ಒಣಹಾಕಿದ ಬಟ್ಟೆಯೆಲ್ಲ ತೊಯ್ದವು.

ಆಗಸ್ಟ್ 20, ಬುಧವಾರ

ಗೋಕಾಕ ದಾಟಿದೆ. ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ನಿನ್ನೆ ಸಂಜೆಯೇ ಬನಹಟ್ಟಿಗೆ ಬಂದಿದ್ದೆ. ಸಂಜಯ ನಾಳೆ ಬೆಳಗಾವಿಗೆ ಬರುತ್ತಾರೆ, ಗಂಡನನ್ನೂ ಕೂರಿಸಿ ಕೇಳುತ್ತಾರಂತೆ. ಗೌರೀಶನ ನಾಳಿನ ಡಯಾಲಿಸಿಸ್ ಅಲ್ಲೇ.

ಹೊರಡುವಾಗ ಅವ್ವ ಕೈಗೆ ಡಬ್ಬಿ ಕೊಟ್ಟಳು. ಹಗುರವಿತ್ತು. ಮುಚ್ಚಳ ತೆಗೆದು ತೋರಿಸಿದಳು. ಎರಡು ಜೋಳದ ರೊಟ್ಟಿ, ಬೇಯಿಸಿದ ಹೆಸರುಕಾಳು, ಸೌತೆಕಾಯಿ. "ಎಣ್ಣಿ ಹಾಕಿಲ್ಲ ನೋಡು" ಎಂದಳು. "ಒಗ್ಗರಣಿನೂ ಕೊಟ್ಟಿಲ್ಲ." ಮುಚ್ಚಳ ಹಾಕಿ ಒಳಗೆ ಹೋದಳು.

ಜಮಖಂಡಿಯಿಂದ ಬಂದ ಬೆಳಗಾವಿ ಬಸ್ಸು ಆಗಲೇ ತುಂಬಿತ್ತು. ಸ್ಟ್ಯಾಂಡಿನಲ್ಲಿ ಇನ್ನೊಂದು ಬಸ್ಸಿಗಾಗುವಷ್ಟು ಜನ. ಗೌರೀಶ ಕಟ್ಟೆಯ ಮೇಲೆ ಕೂತಿದ್ದ, ಮೂರು ತಾಸು ನಿಂತು ಹೋಗುವ ಶಕ್ತಿ ಅವನಿಗಿಲ್ಲ. ಬಸ್ಸು ನಿಲ್ಲುವ ಜಾಗ ಬಿಟ್ಟು ಮುಂದೆ ಹೋಯಿತು. ಜನ ಅದರ ಹಿಂದೆ ಓಡಿದರು. ಇಳಿಯಲು ಇಬ್ಬರು ಕಿಟಕಿಯ ಬಳಿ ಎದ್ದು ನಿಂತದ್ದು ಕಂಡಿತು. ಡಬ್ಬಿಯನ್ನು ಗೌರೀಶನ ಮಡಿಲಿಗೆ ಹಾಕಿ, ನಾನು ಬಸ್ಸಿನ ಪಕ್ಕ ಓಡಿ, ಕಿಟಕಿಯೊಳಗೆ ನನ್ನ ದುಪಟ್ಟಾ ಒಗೆದೆ.

ಹತ್ತಿ ಹೋಗುವಷ್ಟರಲ್ಲಿ ಒಬ್ಬ ಹಿರಿಯರು ದುಪಟ್ಟಾ ಬದಿಗೆ ಸರಿಸಿ ಕೂರುತ್ತಿದ್ದರು.

"ನಮ್ಮ ಸೀಟ್ರಿ ಯಜಮಾನ್ರ."

"ಸೀಟಿಗೆ ಹೆಸರ ಬರದೈತೇನವ್ವಾ?"

"ನನ್ನ ಬಟ್ಟಿ ಕಾಣಂಗಿಲ್ಲೇನ್ರಿ? ಪೇಶಂಟ್ ಅದಾನ, ಏಳ್ರಿ."

ಎಲ್ಲರೂ ತಿರುಗಿ ನೋಡಿದರು. ಅವರು ಗೊಣಗುತ್ತ ಎದ್ದರು. ಹಿಂದಿನ ಸೀಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದ್ದಳು, ನಮಸ್ಕಾರ ಮಿಸ್ ಎಂದಳು. ಓಡುವಾಗ ಬಲಗಾಲಿನ ಚಪ್ಪಲಿಯ ಬಾರು ಕಿತ್ತಿದೆ. ಬೆಳಗಾವಿಯಲ್ಲಿ ಮೊದಲು ಅದನ್ನು ಹೊಲಿಸಬೇಕು.

ಗೌರೀಶ ನಿಧಾನ ಹತ್ತಿ ಬಂದು ಕಿಟಕಿಯ ಬದಿ ಕೂತ. ದುಪಟ್ಟಾ ಮಡಚಿ ನನಗೆ ಕೊಟ್ಟ. ಹೊರಗೆ ಕಬ್ಬಿನ ಹೊಲಗಳನ್ನು ನೋಡುತ್ತ ಕೇಳಿದ. "ಮುಂಜಾನೆ ಎಷ್ಟಿತ್ತು?"

"ನೋಡಿಲ್ಲ."

"ಖರೆ?"

"ಖರೆ. ನೆನಪಾಗಲಿಲ್ಲ."

"ಅಲ್ಲಿ ನಿನ್ನ ಒಬ್ಬಾಕಿನ್ನ ಒಳಗ ಕರದು ಕೇಳ್ತಾರಲ್ಲ."

"ಕೇಳ್ಲಿ. ಈ ಸಲ ಅವರು ಪೂರ್ತಿ ಕೇಳೂತನಾ ಸುಮ್ನ ಕುಂದರತೀನಿ."

ಏಪ್ರಿಲಿನಲ್ಲಿ ನಾನು ಥಟ್ಟನೆ ಉತ್ತರ ಕೊಟ್ಟದ್ದು ಗೊತ್ತಿಲ್ಲದ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ನಕ್ಕ. ಈಗ ಕಿಟಕಿಗೆ ತಲೆ ಹಚ್ಚಿ ನಿದ್ದೆ ಹೋಗಿದ್ದಾನೆ. ಎಡಗೈ ನನ್ನ ಬದಿಗಿದೆ. ಬೆರಳಿಟ್ಟು ನೋಡಿದೆ. ಮಗ್ಗ ನಡೆದಿದೆ. ಕೈ ತೆಗೆಯದೆ, ಒಂದೇ ಕೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಇನ್ನೂ ಕೆಟ್ಟಿವೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.